ಸಿವಿಲೈಸೇಶನ್ 7 ಕೊಳ್ಳಬೇಕೇ, ಹಳೆಯದರಲ್ಲೇ ಉಳಿಯಬೇಕೇ? ಬೇಸತ್ತ ಅಭಿಮಾನಿಗಳಿಗೊಂದು ಹೋಲಿಕೆ

ನಾಗರಿಕತೆ ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟಗಳ ಸರಣಿಯಾದ ಸಿವಿಲೈಸೇಶನ್‌ನ ಏಳನೆಯ ಆಟ 2025ರ ಫೆಬ್ರವರಿ 11ರಂದು ಬಂದಾಗಿನಿಂದ ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಹಳೆಯ ಆಟಗಾರರು ಒಂದೇ ಬಗೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕಾಲೇಜಿನ ದಿನಗಳಿಂದ ಆಡಿಕೊಂಡು ಬಂದ ಆಟದ ಹೊಸ ಆವೃತ್ತಿ ಮನಸ್ಸಿಗೆ ಹಿಡಿಸುತ್ತಿಲ್ಲ. ಆದರೂ ದುಡ್ಡು ಕೊಟ್ಟು ಅದಕ್ಕೇ ಒಗ್ಗಿಕೊಳ್ಳಬೇಕೇ, ಐದನೆಯ ಇಲ್ಲವೇ ಆರನೆಯ ಆವೃತ್ತಿಯಲ್ಲಿ ಉಳಿಯಬೇಕೇ, ಅಥವಾ ಸರಣಿಯನ್ನೇ ಬಿಟ್ಟು ಬೇರೆಯವರ ಆಟಕ್ಕೆ ಹೋಗಬೇಕೇ ಎಂಬುದು ಆ ಪ್ರಶ್ನೆ. ಧಾರವಾಡದ ಸಪ್ತಾಪುರದ ಪಿಜಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೂ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನೌಕರಿ ಮಾಡುತ್ತ ಒಳ್ಳೆಯ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಿಕೊಂಡವರಿಗೂ ಇದಕ್ಕೆ ಒಂದೇ ಉತ್ತರ ಇರಲಾರದು. ಆದ್ದರಿಂದ ಯಾವ ಅಳತೆಗಳನ್ನು ಇಟ್ಟುಕೊಂಡು ತೂಗಬೇಕೆಂಬುದನ್ನು ಮೊದಲು ಹೇಳಿ, ಆಮೇಲೆ ಒಂದೊಂದೇ ಆಟಕ್ಕೆ ಬರುತ್ತೇನೆ.

ತೂಗುವ ಅಳತೆಗಳು

ನನ್ನ ಮಟ್ಟಿಗೆ ಮೊದಲನೆಯ ಅಳತೆ ಮುಂದುವರಿಕೆ. 1991ರಲ್ಲಿ ಮೈಕ್ರೋಪ್ರೋಸ್ ಕಂಪನಿ ಹೊರತಂದ ಮೊದಲ ಆಟದಿಂದ ಆರನೆಯ ಆವೃತ್ತಿಯವರೆಗೆ ಈ ಸರಣಿ ಕೊಟ್ಟ ಭರವಸೆ ಒಂದೇ ಆಗಿತ್ತು: ಕ್ರಿ.ಪೂ. 4000ದಲ್ಲಿ ನಿಮ್ಮ ಕೈಗೆ ಒಂದಿಷ್ಟು ಜನರನ್ನು ಕೊಡುತ್ತೇವೆ, ಅವರನ್ನು ಕೊನೆಯವರೆಗೆ ನೀವೇ ಕರೆದುಕೊಂಡು ಹೋಗಿ. ಮೊದಲ ಸರದಿಯಲ್ಲಿ ನದಿಯ ದಂಡೆಯ ಮೇಲೆ ಕಟ್ಟಿದ ಊರು ಮುನ್ನೂರನೆಯ ಸರದಿಯಲ್ಲಿ ರಾಕೆಟ್ ಹಾರಿಸುತ್ತದೆ. ನಡುವೆ ಮಾಡಿದ ಒಂದೊಂದು ತಪ್ಪಿಗೂ, ಒಂದೊಂದು ಜಾಣತನಕ್ಕೂ ನೀವೇ ಹೊಣೆ. ಹಳೆಯ ಆಟಗಾರರು ಹೊಸ ಆವೃತ್ತಿಯಲ್ಲಿ ಏನೋ ಕಳೆದುಹೋಗಿದೆ ಎಂದು ಹೇಳುವಾಗ ಬಹುಪಾಲು ಈ ಎಳೆಯ ಬಗ್ಗೆಯೇ ಹೇಳುತ್ತಿರುತ್ತಾರೆ. ಹಾಗಾಗಿ ಪ್ರತಿ ಆಟವೂ ಈ ಎಳೆಯನ್ನು ಎಷ್ಟು ಉಳಿಸಿಕೊಂಡಿದೆ ಎಂದು ನೋಡುವುದು ಮುಖ್ಯ.

ಎರಡನೆಯದು ಕಂಪ್ಯೂಟರ್ ಎದುರಾಳಿಯ ಬುದ್ಧಿ. ನಮ್ಮಲ್ಲಿ ಹೆಚ್ಚಿನವರು ರಾತ್ರಿ ಊಟವಾದ ಮೇಲೆ ಒಬ್ಬರೇ ಕುಳಿತು ಆಡುವವರು; ಎದುರಾಳಿ ಪೆದ್ದನಾದರೆ ಆಟ ಎಷ್ಟು ಚೆಂದ ಕಂಡರೂ ನೂರು ಸರದಿ ದಾಟುವುದರೊಳಗೆ ಸಪ್ಪೆಯಾಗುತ್ತದೆ. ಮೂರನೆಯದು ಯಂತ್ರ: ನಿಮ್ಮಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯೇ, ರ‍್ಯಾಮ್ ಎಷ್ಟಿದೆ, ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಎಷ್ಟು ಕಾಯುತ್ತದೆ. ನಾಲ್ಕನೆಯದು ಒಟ್ಟು ಖರ್ಚು. ಇಲ್ಲಿ ಮೂಲ ಆಟದ ಬೆಲೆಯನ್ನಷ್ಟೇ ಲೆಕ್ಕ ಹಿಡಿಯಬಾರದು, ಏಕೆಂದರೆ ಈ ಸರಣಿಯ ಆಟಗಳು ಎಕ್ಸ್‌ಪಾನ್ಶನ್‌ಗಳು, ಅಂದರೆ ಆಮೇಲೆ ಬೇರೆ ಹಣಕ್ಕೆ ಬರುವ ದೊಡ್ಡ ವಿಸ್ತರಣೆಗಳು, ಸೇರಿದ ಮೇಲೆಯೇ ತುಂಬಿಕೊಳ್ಳುತ್ತ ಬಂದಿವೆ. ಐದನೆಯದು ಸಮಯ, ಅಂದರೆ ಒಂದು ಆಟ ಮುಗಿಯಲು ವಾರಗಟ್ಟಲೆ ಬೇಕೋ, ಎರಡು ಮೂರು ರಾತ್ರಿಗಳಲ್ಲಿ ಮುಗಿಯುತ್ತದೋ ಎಂಬುದು. ಕೊನೆಯದಾಗಿ, ಯಾರೊಂದಿಗೆ ಆಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ; ದೀಪಾವಳಿಗೆ ಊರಿಗೆ ಬಂದ ಅಣ್ಣತಮ್ಮಂದಿರು ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಸರದಿಯ ಮೇಲೆ ಆಡುವ ಹಾಟ್‌ಸೀಟ್ ಸೌಲಭ್ಯ ಎಲ್ಲ ಆಟಗಳಲ್ಲೂ ಇಲ್ಲ.

ಏಳನೆಯ ಆವೃತ್ತಿಯಲ್ಲಿ ಆಗಿದ್ದೇನು

ಬೇಸರಕ್ಕೆ ಕಾರಣವಾದ ಆಟವನ್ನೇ ಮೊದಲು ಕೂಲಂಕಷವಾಗಿ ನೋಡೋಣ. ಸಿವಿಲೈಸೇಶನ್ 7, ಚಿಕ್ಕದಾಗಿ ಸಿವ್ 7, ಇಡೀ ಆಟವನ್ನು ಪ್ರಾಚೀನ ಯುಗ, ಅನ್ವೇಷಣೆಯ ಯುಗ, ಆಧುನಿಕ ಯುಗ ಎಂದು ಮೂರು ಭಾಗ ಮಾಡಿತು. ನಾಯಕನೂ ನಾಗರಿಕತೆಯೂ ಬೇರೆ ಬೇರೆಯಾದರು. ಅಶೋಕನನ್ನು ನಾಯಕನನ್ನಾಗಿ ಆರಿಸಿಕೊಂಡು ಮೌರ್ಯರಾಗಿ ಆಟ ಶುರು ಮಾಡಿದರೆ, ಎರಡನೆಯ ಯುಗದಲ್ಲಿ ಚೋಳರಾಗಿ, ಮೂರನೆಯದರಲ್ಲಿ ಮೊಘಲರಾಗಿ ಮಾರ್ಪಡಬೇಕು, ಇಲ್ಲವೇ ಷರತ್ತು ಪೂರೈಸಿ ಬೇರೆ ಯಾವುದನ್ನಾದರೂ ಆರಿಸಿಕೊಳ್ಳಬೇಕು.

ಈ ಕಲ್ಪನೆಯನ್ನು ತಪ್ಪೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಇತಿಹಾಸ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ಆಲೋಚನೆ, ಮತ್ತು ಅದು ನಮ್ಮ ಭಾಗದವರಿಗೆ ಯಾರೂ ಕಲಿಸಿಕೊಡಬೇಕಾದ ಸಂಗತಿಯಲ್ಲ. ಗದಗದಿಂದ ಲಕ್ಕುಂಡಿಗೆ ಹೋಗಿ ನಿಂತರೆ ಚಾಲುಕ್ಯ, ಹೊಯ್ಸಳರ ಕಾಲಗಳ ಕುರುಹು ಒಂದೇ ಊರಿನಲ್ಲಿ ಕಾಣುತ್ತದೆ. ಆದರೆ ಆ ಊರಿನಲ್ಲಿ ರಾಜಮನೆತನ ಬದಲಾದಾಗ ಜನ, ಕೆರೆಬಾವಿ, ಗುಡಿ, ಹೊಲ ಎಲ್ಲವೂ ಹಾಗೆಯೇ ಮುಂದುವರಿದವು. ಆಟದಲ್ಲಿ ಅದು ಹಾಗಾಗಲಿಲ್ಲ.

ಬಿಡುಗಡೆಯಾದಾಗ ಯುಗ ಬದಲಾಗುವ ಗಳಿಗೆ ಹೇಗಿತ್ತೆಂದರೆ, ನೀವು ನೆರೆಯವನ ರಾಜಧಾನಿಗೆ ಮುತ್ತಿಗೆ ಹಾಕಿ ಕೋಟೆಯನ್ನು ಅರ್ಧ ಕೆಡವಿರುತ್ತೀರಿ, ಇನ್ನೆರಡು ಸರದಿಯಲ್ಲಿ ಊರು ನಿಮ್ಮದಾಗಬೇಕು. ಅಷ್ಟರಲ್ಲಿ ಯುಗದ ಗಡುವು ಮುಗಿದು ಪರದೆ ಬದಲಾಗುತ್ತದೆ. ಯುದ್ಧ ತಾನಾಗಿ ನಿಲ್ಲುತ್ತದೆ. ಮುತ್ತಿಗೆ ಹಾಕಿದ್ದ ಸೈನ್ಯ ಆ ಜಾಗದಲ್ಲಿ ಇರುವುದಿಲ್ಲ. ದಂಡನಾಯಕರ ಕೈಕೆಳಗೆ ಹಿಡಿಸಿದಷ್ಟು ಪಡೆ ಉಳಿದು, ಮಿಕ್ಕಿದ್ದರಲ್ಲಿ ಹೆಚ್ಚಿನದು ಮಾಯವಾಗುತ್ತದೆ. ವಿಶೇಷ ಸಾಧನೆಯ ಬಲದಿಂದ ಉಳಿಸಿಕೊಳ್ಳದಿದ್ದರೆ ರಾಜಧಾನಿಯ ಹೊರತು ನೀವು ಬೆಳೆಸಿದ ನಗರಗಳು ಮತ್ತೆ ಪಟ್ಟಣಗಳ ಮಟ್ಟಕ್ಕೆ ಇಳಿಯುತ್ತವೆ. ಕ್ರಮೇಣ ಕಟ್ಟಿದ್ದನ್ನು ಯಾರೋ ಒರೆಸಿ ಮತ್ತೆ ಬರೆಯಲು ಕೊಟ್ಟಂತೆ ಅನಿಸಿದ್ದರೆ ಆ ಅನಿಸಿಕೆ ನ್ಯಾಯವಾದದ್ದು. 2025ರ ಉದ್ದಕ್ಕೂ ಬಂದ ಅಪ್‌ಡೇಟ್‌ಗಳಲ್ಲಿ ಈ ಕಡಿತವನ್ನು ಮೆತ್ತಗೆ ಮಾಡಿ, ಸೈನ್ಯವನ್ನು ಹೆಚ್ಚಾಗಿ ಉಳಿಸಿಕೊಳ್ಳುವ ಆಯ್ಕೆಯನ್ನು ತಂದರು. ಒಂದೇ ನಾಗರಿಕತೆಯನ್ನು ಎಲ್ಲ ಯುಗಗಳಲ್ಲೂ ಆಡುವ ದಾರಿಯನ್ನು ಪರಿಶೀಲಿಸುತ್ತಿರುವುದಾಗಿಯೂ ತಯಾರಕರು ತಿಳಿಸಿದರು. ಆಟಗಾರರ ದೂರಿನಲ್ಲಿ ಹುರುಳಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನೂ ಕೆಲವು ಕೊರತೆಗಳು ಬೇರೆ ತರಹದವು. ಗೆದ್ದ ಮೇಲೂ ‘ಇನ್ನೊಂದು ಸರದಿ’ ಎಂದು ಆಡುತ್ತ ಹೋಗುವ ಗುಂಡಿ ಈ ಸರಣಿಯ ಗುರುತೇ ಆಗಿದ್ದು, ಅದು ಮೊದಲ ದಿನ ಆಟದಲ್ಲಿರಲಿಲ್ಲ. ದೊಡ್ಡ ನಕ್ಷೆಗಳಿರಲಿಲ್ಲ, ಹಾಟ್‌ಸೀಟ್ ಇರಲಿಲ್ಲ, ಪರದೆಯ ಮೇಲೆ ಬೇಕಾದ ಮಾಹಿತಿ ಬೇಕಾದಲ್ಲಿ ಸಿಗುತ್ತಿರಲಿಲ್ಲ. ಆಧುನಿಕ ಯುಗ ಇಪ್ಪತ್ತನೆಯ ಶತಮಾನದ ನಡುವಿಗೆ ಬಂದು ನಿಲ್ಲುತ್ತಿತ್ತು. ಬ್ರಿಟನ್ನನ್ನು ಬೇಕೆನ್ನುವವರು ಬೇರೆ ದುಡ್ಡು ಕೊಟ್ಟು ಡಿಎಲ್‌ಸಿ ಎಂಬ ಹೆಚ್ಚುವರಿ ಭಾಗವನ್ನು ಕೊಳ್ಳಬೇಕಾಯಿತು. ಇವುಗಳಲ್ಲಿ ಹಲವನ್ನು ತಿಂಗಳುಗಳ ನಂತರ ಸರಿಪಡಿಸಿದರೂ, ಮೊದಲ ದಿನ ಪೂರ್ಣ ಬೆಲೆ ಕೊಟ್ಟವರು ಅರ್ಧ ಬೆಂದ ಆಟವನ್ನು ತೆಗೆದುಕೊಂಡರು. ಆ ಬೆಲೆಯೂ ಏರುತ್ತಲೇ ಬಂದಿದೆ: ಅಮೆರಿಕದ ಲೆಕ್ಕದಲ್ಲಿ ಐದನೆಯ ಆವೃತ್ತಿ 49.99 ಡಾಲರಿಗೆ, ಆರನೆಯದು 59.99ಕ್ಕೆ ಬಂದಿದ್ದರೆ, ಏಳನೆಯದರ ಸಾದಾ ಆವೃತ್ತಿ 69.99ಕ್ಕೆ, ಎಲ್ಲಕ್ಕಿಂತ ದೊಡ್ಡ ಆವೃತ್ತಿ 129.99ಕ್ಕೆ ಬಂತು.

ಹಾಗೆಂದು ಅದರಲ್ಲಿ ಗೆಲುವಿಲ್ಲವೆಂದಲ್ಲ. ದಂಡನಾಯಕನ ಕೆಳಗೆ ಹಲವು ಪಡೆಗಳನ್ನು ಕಟ್ಟಿ ಒಟ್ಟಿಗೆ ಸಾಗಿಸುವ ವ್ಯವಸ್ಥೆ ಸರಣಿಯಲ್ಲೇ ಅತ್ಯುತ್ತಮವಾದದ್ದು. ಒಂದೊಂದೇ ಪಡೆಯನ್ನು ಗುಡ್ಡ ದಾಟಿಸುವ ಹಳೆಯ ಕಿರಿಕಿರಿ ಅದರಿಂದ ತಪ್ಪಿತು. ಹಡಗು ಸಾಗುವ ನದಿಗಳು ಬಂದವು. ರಾಜತಂತ್ರಕ್ಕೆ ಪ್ರಭಾವ ಎಂಬ ಪ್ರತ್ಯೇಕ ನಾಣ್ಯ ಬಂದು ಮಾತುಕತೆಗೆ ಅರ್ಥ ಬಂತು. ಯುಗಕ್ಕೊಂದು ನಿಲ್ದಾಣ ಇರುವುದರಿಂದ ಒಂದು ಯುಗವನ್ನಷ್ಟೇ ಆಡಿ ಮಲಗುವವರಿಗೂ ಇದು ಅನುಕೂಲ. ಬೃಹದೀಶ್ವರ ದೇವಾಲಯ, ಸಾಂಚಿ ಸ್ತೂಪ, ಕೆಂಪುಕೋಟೆ ಮೂರನ್ನೂ ಅದ್ಭುತಗಳ ಪಟ್ಟಿಯಲ್ಲಿ ಸೇರಿಸಿ ಅಷ್ಟು ಸೊಗಸಾಗಿ ಚಿತ್ರಿಸಿದ ಆವೃತ್ತಿ ಇದಕ್ಕೆ ಮೊದಲು ಇರಲಿಲ್ಲ.

ಯಂತ್ರದ ಲೆಕ್ಕದಲ್ಲಿ ಇದಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಮತ್ತು ಜಿಟಿಎಕ್ಸ್ 1050 ಮಟ್ಟದ ಕಾರ್ಡ್ ಬೇಕು. ಹಿತವಾಗಿ ಆಡಬೇಕಾದರೆ 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 2060 ಇರಲಿ ಎಂದು ತಯಾರಕರೇ ಹೇಳಿದ್ದಾರೆ. ಆಫೀಸು ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಇದನ್ನು ಓಡಿಸುವ ಆಸೆ ಬೇಡ.

ಕೊಳ್ಳುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟವನ್ನು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಮರಳಿಸಿ ಹಣ ವಾಪಸ್ ಪಡೆಯಬಹುದು. ಸಾಮಾನ್ಯವಾಗಿ ಇದು ಒಳ್ಳೆಯ ರಕ್ಷಣೆ. ಆದರೆ ಸಿವ್ 7ರ ಮೇಲಿನ ಜಗಳವೆಲ್ಲ ಇರುವುದು ಯುಗ ಬದಲಾಗುವ ಗಳಿಗೆಯ ಬಗ್ಗೆ, ಮತ್ತು ಸಾಮಾನ್ಯ ವೇಗದಲ್ಲಿ ಯೋಚಿಸಿ ಆಡುವವರಿಗೆ ಮೊದಲ ಎರಡು ಗಂಟೆಗಳಲ್ಲಿ ಆ ಗಳಿಗೆ ಬರುವುದೇ ಇಲ್ಲ. ಆ ಎರಡು ಗಂಟೆ, ಅಂದರೆ ಪ್ರಾಚೀನ ಯುಗದ ಮೊದಲ ಭಾಗ, ಆಟದ ಅತ್ಯಂತ ಸೊಗಸಾದ ಭಾಗವೂ ಹೌದು. ಅದನ್ನು ನೋಡಿ ಮೆಚ್ಚಿ ಇಟ್ಟುಕೊಂಡವರಿಗೆ ನಿಜವಾದ ಪ್ರಶ್ನೆ ಎದುರಾಗುವಷ್ಟರಲ್ಲಿ ಮರಳಿಸುವ ಅವಕಾಶ ಮುಗಿದಿರುತ್ತದೆ. ಆದ್ದರಿಂದ ಕೊಂಡು ನೋಡಿ ಬೇಡವಾದರೆ ಮರಳಿಸೋಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯುಗ ಬದಲಾವಣೆಯನ್ನು ಯೂಟ್ಯೂಬಿನಲ್ಲಿ ಯಾರಾದರೂ ಪೂರ್ತಿ ಆಡಿದ್ದನ್ನು ನೋಡಿ ತೀರ್ಮಾನಿಸಿ.

ಆರರಲ್ಲಿ ಉಳಿಯುವುದಾದರೆ

2016ರ ಅಕ್ಟೋಬರಿನಲ್ಲಿ ಬಂದ ಸಿವ್ 6ರ ಬಗ್ಗೆ ಆಗ ದೂರುಗಳು ಕಡಿಮೆಯಿರಲಿಲ್ಲ. ಬಣ್ಣ ಹೆಚ್ಚಾಯಿತು, ನಾಯಕರು ಕಾರ್ಟೂನಿನಂತೆ ಕಾಣುತ್ತಾರೆ ಎಂದು ಹಿರಿಯ ಆಟಗಾರರು ಮುಖ ತಿರುಗಿಸಿದ್ದರು. 2018ರ ರೈಸ್ ಆ್ಯಂಡ್ ಫಾಲ್, 2019ರ ಗ್ಯಾದರಿಂಗ್ ಸ್ಟಾರ್ಮ್ ಎಂಬ ಎರಡು ಎಕ್ಸ್‌ಪಾನ್ಶನ್‌ಗಳು ಸೇರಿದ ಮೇಲೆ ಅದು ಬೇರೆಯೇ ಆಟವಾಯಿತು. ಮೊದಲನೆಯದರಿಂದ ಊರುಗಳ ನಿಷ್ಠೆ ಎಂಬ ಲೆಕ್ಕ ಬಂದು, ಎಲ್ಲೆಂದರಲ್ಲಿ ಊರು ಕಟ್ಟುವವರಿಗೆ ಕಡಿವಾಣ ಬಿತ್ತು. ಎರಡನೆಯದರಿಂದ ನೆರೆ, ಜ್ವಾಲಾಮುಖಿ, ಬರ, ಏರುವ ಸಮುದ್ರ ಬಂದು ನಕ್ಷೆಗೆ ಜೀವ ಬಂತು.

ಈ ಆಟದ ತಿರುಳು ಊರನ್ನು ನೆಲದ ಮೇಲೆ ಹರಡಿ ಕಟ್ಟುವುದರಲ್ಲಿದೆ. ವಿದ್ಯಾಕೇಂದ್ರ ಬೆಟ್ಟದ ಪಕ್ಕ ಬರಬೇಕು, ಬಂದರು ಎಲ್ಲಿ, ಅಣೆಕಟ್ಟು ಎಲ್ಲಿ, ನಕ್ಷೆಯ ಈ ಒಂದು ಷಟ್ಕೋನದ ಮನೆಯನ್ನು ಹೊಲಕ್ಕೆ ಬಿಡಬೇಕೋ, ನೂರು ಸರದಿಯ ನಂತರ ಬರುವ ಅದ್ಭುತಕ್ಕೆ ಕಾದಿರಿಸಬೇಕೋ ಎಂದು ಯೋಚಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ಯೋಜನೆ ಹಾಕುವುದರಲ್ಲಿ ಸಂತೋಷ ಕಾಣುವವರಿಗೆ ಇದರಷ್ಟು ತೃಪ್ತಿ ಕೊಡುವ ಆಟ ಸರಣಿಯಲ್ಲಿ ಬೇರೊಂದಿಲ್ಲ. ಗಾಂಧಿಯ ಜೊತೆಗೆ ಚಂದ್ರಗುಪ್ತನೂ ಭಾರತದ ನಾಯಕನಾಗಿ ಸಿಗುತ್ತಾನೆ. ಮೆಟ್ಟಿಲುಬಾವಿ ಕಟ್ಟಿ ನೀರಿನ ಕೊರತೆ ನೀಗಿಸಿಕೊಳ್ಳಬಹುದು, ಅದು ನಮ್ಮ ಬಯಲುಸೀಮೆಯವರಿಗೆ ಆಪ್ತವಾಗುವ ವಿವರ. ಮೊದಲ ಸರದಿಯಿಂದ ಕೊನೆಯವರೆಗೆ ನಿಮ್ಮ ಜನ ನಿಮ್ಮವರಾಗಿಯೇ ಇರುತ್ತಾರೆ.

ಕೊರತೆಯೆಂದರೆ ಎದುರಾಳಿ. ಕೋಟೆ ಕಟ್ಟಿದ ಊರನ್ನು ಕಂಪ್ಯೂಟರ್ ಮುತ್ತಿ ಗೆಲ್ಲುವುದು ಅಪರೂಪ. ಕಷ್ಟದ ಮಟ್ಟ ಹೆಚ್ಚಿಸಿದರೆ ಅದಕ್ಕೆ ಬುದ್ಧಿ ಹೆಚ್ಚುವುದಿಲ್ಲ, ಆರಂಭದಲ್ಲೇ ಹೆಚ್ಚಿನ ಪಡೆ, ಹೆಚ್ಚಿನ ಉತ್ಪಾದನೆಯ ರಿಯಾಯಿತಿ ಸಿಗುತ್ತದೆ. ಮೊದಲ ನೂರು ಸರದಿ ಉಳಿದುಕೊಂಡರೆ ಮುಂದೆ ಸೋಲಿನ ಭಯವಿಲ್ಲ. ಹಾಗೆಯೇ ಆಟದ ಕೊನೆಯ ಮೂರನೆಯ ಒಂದು ಪಾಲು ಎಳೆಯುತ್ತದೆ. ಗೆಲುವು ಖಚಿತವೆಂದು ತಿಳಿದ ಮೇಲೂ ಹತ್ತಾರು ಊರುಗಳಿಗೆ ಆದೇಶ ಕೊಡುತ್ತ ಕೂಡಬೇಕಾಗುತ್ತದೆ.

ಖರ್ಚಿನ ಮಾತಿಗೆ ಬಂದರೆ, ಎಲ್ಲವೂ ಸೇರಿದ ಆಂಥಾಲಜಿ ಕಟ್ಟು ಸ್ಟೀಮ್ ಸೇಲ್‌ಗಳಲ್ಲಿ ಆಗಾಗ ಭಾರಿ ರಿಯಾಯಿತಿಗೆ ಬರುತ್ತದೆ, ಯುಪಿಐ ಮೂಲಕವೇ ಹಣ ಕಟ್ಟಬಹುದು. ಪೂರ್ಣ ಬೆಲೆಗೆ ಕೊಳ್ಳುವ ಅಗತ್ಯ ಖಂಡಿತ ಇಲ್ಲ. ಎಪಿಕ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ 2020ರ ಮೇ ತಿಂಗಳಲ್ಲಿ ಮೂಲ ಆಟವನ್ನು ಉಚಿತವಾಗಿ ಕೊಟ್ಟಿತ್ತು. ಲಾಕ್‌ಡೌನಿನ ಆ ದಿನಗಳಲ್ಲಿ ಖಾತೆ ತೆರೆದು ತೆಗೆದುಕೊಂಡು ಮರೆತವರು ಬಹಳ ಜನ ಇದ್ದಾರೆ, ಆದ್ದರಿಂದ ಮೊದಲು ನಿಮ್ಮ ಹಳೆಯ ಎಪಿಕ್ ಖಾತೆಯನ್ನು ತೆಗೆದು ನೋಡಿ. 4 ಜಿಬಿ ರ‍್ಯಾಮ್ ಕನಿಷ್ಠವೆಂದು ಬರೆದಿದ್ದರೂ ಎಕ್ಸ್‌ಪಾನ್ಶನ್‌ಗಳ ಜೊತೆ ಹಿತವಾಗಿ ಆಡಲು 8 ಜಿಬಿ ಇರಬೇಕು. ಹಾಟ್‌ಸೀಟ್ ಇದೆ.

ಐದು: ಹಳೆಯ ಲ್ಯಾಪ್‌ಟಾಪಿನವರ ಆಸರೆ

ಇಲ್ಲಿ ನನ್ನ ಒಲವನ್ನು ಮುಚ್ಚಿಡುವುದಿಲ್ಲ. 2010ರ ಸಿವ್ 5, ಅದಕ್ಕೆ 2012ರ ಗಾಡ್ಸ್ ಆ್ಯಂಡ್ ಕಿಂಗ್ಸ್, 2013ರ ಬ್ರೇವ್ ನ್ಯೂ ವರ್ಲ್ಡ್ ಸೇರಿದರೆ ಆಗುವ ಆಟ, ಈ ಸರಣಿ ಏಕೆ ಇಷ್ಟವಾಗಿತ್ತು ಎಂಬುದನ್ನು ಈಗಲೂ ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಷಟ್ಕೋನಗಳ ನಕ್ಷೆ, ಒಂದು ಮನೆಯಲ್ಲಿ ಒಂದೇ ಪಡೆ ಎಂಬ ನಿಯಮ ಎರಡೂ ಸರಣಿಗೆ ಬಂದದ್ದು ಇಲ್ಲಿಂದ. ಬಂದ ಹೊಸತರಲ್ಲಿ ಧರ್ಮವೂ ಬೇಹುಗಾರಿಕೆಯೂ ಇಲ್ಲದ ಬೋಳು ಆಟವೆಂದು ಬೈಸಿಕೊಂಡಿದ್ದೂ ಇದೇ. ಎಕ್ಸ್‌ಪಾನ್ಶನ್ ಇಲ್ಲದ ಬರೀ ಮೂಲ ಆಟವನ್ನು ಈಗಲೂ ಯಾರಿಗೂ ಹೇಳಲಾರೆ. ಮೂರೂ ಸೇರಿದ ಕಂಪ್ಲೀಟ್ ಆವೃತ್ತಿಯನ್ನೇ ತೆಗೆದುಕೊಳ್ಳಿ. ಸೇಲ್‌ನಲ್ಲಿ ಅದರ ಬೆಲೆ ಒಬ್ಬರ ಹೋಟೆಲ್ ಊಟದ ಆಸುಪಾಸಿಗೆ ಇಳಿಯುವುದುಂಟು.

ಬ್ರೇವ್ ನ್ಯೂ ವರ್ಲ್ಡ್ ಆಟದ ಕೊನೆಯ ಭಾಗಕ್ಕೆ ಕೊಟ್ಟ ಬಲವನ್ನು ಆಮೇಲಿನ ಎರಡೂ ಆವೃತ್ತಿಗಳು ಕೊಡಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಗಾರಿಕೆಯ ಕಾಲ ದಾಟಿದ ಮೇಲೆ ಪ್ರತಿ ದೇಶವೂ ಒಂದು ಸಿದ್ಧಾಂತವನ್ನು ಆರಿಸಿಕೊಳ್ಳಬೇಕು. ಅಲ್ಲಿಯವರೆಗೆ ಗೆಳೆಯನಾಗಿದ್ದವನು ಬೇರೆ ಸಿದ್ಧಾಂತ ಹಿಡಿದರೆ ನಿಮ್ಮ ಜನರೇ ಅವನ ಕಡೆ ವಾಲಿ ಅಸಮಾಧಾನ ಹುಟ್ಟುತ್ತದೆ, ಹಳೆಯ ಸ್ನೇಹಗಳು ಮುರಿದು ಹೊಸ ಬಣಗಳು ಏರ್ಪಡುತ್ತವೆ. ಮುನ್ನೂರು ವರ್ಷ ಹಿಂದೆ ನೀವು ಮಾಡಿದ ದ್ರೋಹವನ್ನು ನೆನಪಿಟ್ಟುಕೊಂಡ ನೆರೆಯವನು ಆಗ ಎದುರು ನಿಲ್ಲುತ್ತಾನೆ. ಯುಗಗಳನ್ನು ಕತ್ತರಿಸದೆಯೂ ಇತಿಹಾಸದ ತಿರುವುಗಳನ್ನು ತರಬಹುದು ಎಂಬುದನ್ನು ಈ ಆಟ ಆಗಲೇ ಮಾಡಿ ತೋರಿಸಿತ್ತು, ಆದ್ದರಿಂದಲೇ ಏಳನೆಯದನ್ನು ನೋಡಿದಾಗ ನೋವು ಹೆಚ್ಚು.

ಕೊರತೆಗಳು ಇಲ್ಲಿಯೂ ಇವೆ. ಇಡೀ ರಾಜ್ಯಕ್ಕೆ ಒಂದೇ ಸಂತೋಷದ ಲೆಕ್ಕ ಇರುವುದರಿಂದ ನಾಲ್ಕು ಊರು ಕಟ್ಟಿ ಸುಮ್ಮನಿರುವುದೇ ಹೆಚ್ಚಿನ ಸಲ ಜಾಣತನವಾಗುತ್ತದೆ. ನಕ್ಷೆ ತುಂಬ ಹರಡುವ ಆಸೆಯುಳ್ಳವರಿಗೆ ಇದು ಉಸಿರು ಕಟ್ಟಿಸುತ್ತದೆ. ಕಂಪ್ಯೂಟರ್ ಎದುರಾಳಿ ಬಿಲ್ಲುಗಾರರನ್ನು ಮುಂದೆ ನಿಲ್ಲಿಸಿ ಕಾಲಾಳುಗಳನ್ನು ಹಿಂದೆ ಇಡುವಂತಹ ಎಡವಟ್ಟು ಮಾಡುತ್ತದೆ. ಹಳೆಯ ಯಂತ್ರಗಳಲ್ಲಿ ಕೊನೆಯ ಭಾಗದ ಸರದಿಗಳು ನಿಧಾನ.

ಆದರೂ 2 ಜಿಬಿ ರ‍್ಯಾಮ್ ಕನಿಷ್ಠವೆಂದು ಬರೆದು ಬಂದ ಆಟ ಇದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಹತ್ತು ವರ್ಷದ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬಿಸಿಯಾಗುವ ಯಂತ್ರವಿದ್ದವರು ಸ್ಟ್ರಾಟೆಜಿಕ್ ವ್ಯೂ ಎಂಬ ಸಪಾಟು ನಕ್ಷೆಗೆ ಬದಲಾಯಿಸಿಕೊಂಡರೆ ಫ್ಯಾನಿನ ಸದ್ದು ಇಳಿಯುತ್ತದೆ. ಈ ಸೌಲಭ್ಯ ಆರರಲ್ಲೂ ಇದೆ. ಬ್ಯಾಟರಿ ಕೈಕೊಟ್ಟ ಲ್ಯಾಪ್‌ಟಾಪಿನಲ್ಲಿ ಆಡುವವರು ಆಪ್ಶನ್ಸ್ ಒಳಗೆ ಹೋಗಿ ಪ್ರತಿ ಸರದಿಗೂ ಆಟೋಸೇವ್ ಆಗುವಂತೆ ಇಟ್ಟುಕೊಂಡರೆ ಕರೆಂಟ್ ಹೋದಾಗ ನಷ್ಟವಾಗುವುದು ಒಂದೇ ಸರದಿ. ಸ್ಟೀಮ್ ವರ್ಕ್‌ಶಾಪಿನಲ್ಲಿ ಆಟಗಾರರೇ ಮಾಡಿದ ಮಾಡ್ ಎಂಬ ಮಾರ್ಪಾಡುಗಳು ಸಾಕಷ್ಟಿದ್ದು, ಒಂದನ್ನು ಆಡಿ ಬೇಸರವಾದರೆ ಇನ್ನೊಂದನ್ನು ಹಾಕಿಕೊಳ್ಳಬಹುದು.

ಇನ್ನೂ ಹಿಂದೆ ಹೋಗಿ 2005ರ ಸಿವ್ 4ನ್ನು, 2007ರ ಬಿಯಾಂಡ್ ದ ಸ್ವೋರ್ಡ್ ಜೊತೆ, ಸರಣಿಯ ಶಿಖರವೆಂದು ಎಣಿಸುವವರೂ ಇದ್ದಾರೆ. ಒಂದೇ ಮನೆಯಲ್ಲಿ ಎಷ್ಟು ಪಡೆ ಬೇಕಾದರೂ ಪೇರಿಸಬಹುದಾದ್ದರಿಂದ ಅಲ್ಲಿ ಕಂಪ್ಯೂಟರ್ ಎದುರಾಳಿ ನಿಜಕ್ಕೂ ದಂಡೆತ್ತಿ ಬಂದು ಊರು ಕಸಿದುಕೊಳ್ಳುತ್ತದೆ. ಎದುರಾಳಿಯ ಬಲವೇ ಮೊದಲ ಅಳತೆ ಎನ್ನುವವರು, ಹಳೆಯ ನೋಟಕ್ಕೆ ಬೇಸರಪಡದವರು ಅದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು.

ಸರಣಿಯ ಹೊರಗಿನ ಆಟಗಳು

ಸಿವ್ 4ರ ಮುಖ್ಯ ವಿನ್ಯಾಸಕ ಸೊರೆನ್ ಜಾನ್ಸನ್ ತಮ್ಮ ಮೊಹಾಕ್ ಗೇಮ್ಸ್ ಮೂಲಕ 2021ರಲ್ಲಿ ಹೊರತಂದ ಓಲ್ಡ್ ವರ್ಲ್ಡ್ ಬೇಸತ್ತವರು ಮೊದಲು ನೋಡಬೇಕಾದ ಆಟ. ಅದು ಪ್ರಾಚೀನ ಕಾಲದಲ್ಲೇ ಇರುತ್ತದೆ. ರೋಮ್, ಪರ್ಷಿಯಾ, ಈಜಿಪ್ಟ್, ಕಾರ್ತೇಜ್ ಇಂಥವು ಅದರ ರಾಜ್ಯಗಳು. ಒಂದು ಸರದಿ ಎಂದರೆ ಒಂದು ವರ್ಷ, ಆದ್ದರಿಂದ ನಿಮ್ಮ ರಾಜ ಮುದುಕನಾಗುತ್ತಾನೆ, ಸಾಯುತ್ತಾನೆ, ಪಟ್ಟಕ್ಕೆ ಮಗನೋ ಮಗಳೋ ಬರುತ್ತಾರೆ. ಜಾಣೆಯಾದ ರಾಣಿ ಕಟ್ಟಿದ ಸ್ನೇಹವನ್ನು ಮುಂಗೋಪಿ ಮಗ ಎರಡೇ ವರ್ಷದಲ್ಲಿ ಕೆಡಿಸುವುದನ್ನು ನೀವು ನೋಡುತ್ತ ಕುಳಿತಿರಬೇಕಾಗುತ್ತದೆ. ಮುಂದುವರಿಕೆಯ ಎಳೆ ಇಲ್ಲಿ ಮನೆತನದ ರೂಪದಲ್ಲಿ ಉಳಿದಿದೆ, ಮತ್ತು ಅದು ಏಳನೆಯ ಆವೃತ್ತಿಯ ಹೆಸರು ಬದಲಾವಣೆಗಿಂತ ನನಗೆ ಹೆಚ್ಚು ನಂಬುವಂತೆ ಕಾಣುತ್ತದೆ.

ಪ್ರತಿ ಸರದಿಗೆ ಇಂತಿಷ್ಟೇ ಆದೇಶ ಎಂಬ ಮಿತಿ ಇರುವುದರಿಂದ ನಲವತ್ತು ಪಡೆಗಳನ್ನು ಅತ್ತಿತ್ತ ಸರಿಸುವ ಗೋಳಿಲ್ಲ. ಯಾವುದು ಮುಖ್ಯ ಎಂಬುದನ್ನು ತೀರ್ಮಾನಿಸುವುದೇ ಆಟ. ಎದುರಾಳಿ ಗುಂಪುಗೂಡಿ ಹೊಡೆಯುತ್ತದೆ, ಅಜಾಗರೂಕರಾದರೆ ಊರು ಹೋಗುತ್ತದೆ. ಸಾಮಾನ್ಯವಾಗಿ ಇನ್ನೂರು ಸರದಿಗಳಲ್ಲಿ ಮುಗಿಯುವುದರಿಂದ ನೌಕರಿ, ಮನೆ, ಮಕ್ಕಳ ನಡುವೆ ವಾರಾಂತ್ಯದಲ್ಲಿ ಆಡುವವರಿಗೆ ಹೊಂದುತ್ತದೆ. ತೊಂದರೆಯೆಂದರೆ ಕಲಿಯುವುದು ಕಷ್ಟ. ಮೊದಲ ಕೆಲವು ಆಟಗಳಲ್ಲಿ ಪರದೆಯ ಮೇಲಿನ ಅಂಕಿಗಳೇ ಗೊಂದಲ ಹುಟ್ಟಿಸುತ್ತವೆ. ರಾಕೆಟ್ಟು, ರೈಲು, ಅಣುಬಾಂಬು ಬೇಕೆನ್ನುವವರಿಗೆ ಇಲ್ಲಿ ಏನೂ ಇಲ್ಲ.

ಹ್ಯೂಮನ್‌ಕೈಂಡ್ 2021ರ ಆಗಸ್ಟಿನಲ್ಲಿ ಬಂತು; ಪ್ಯಾರಿಸ್ಸಿನ ಆಂಪ್ಲಿಟ್ಯೂಡ್ ಸ್ಟುಡಿಯೋ ಅದನ್ನು ಮಾಡಿತು. ನಾಗರಿಕತೆ ಬದಲಾಯಿಸುವ ಆಲೋಚನೆಯನ್ನು ಏಳಕ್ಕಿಂತ ಮೊದಲೇ ತಂದದ್ದು ಇದು: ಹರಪ್ಪದವರಾಗಿ ಶುರುಮಾಡಿ ಮೌರ್ಯರಾಗಿ, ಮುಂದೆ ಮೊಘಲರಾಗಿ, ಕೊನೆಗೆ ಇಂದಿನ ಭಾರತೀಯರಾಗಿ ಸಾಗಬಹುದು. ವ್ಯತ್ಯಾಸ ಇರುವುದು ದಾಟುವ ಕ್ರಮದಲ್ಲಿ. ಇಲ್ಲಿ ನೀವು ಸಾಕಷ್ಟು ನಕ್ಷತ್ರ ಗಳಿಸಿದಾಗ ನಿಮ್ಮ ಕಾಲ ಬದಲಾಗುತ್ತದೆ, ಊರು, ಸೈನ್ಯ, ಯುದ್ಧ ಎಲ್ಲವೂ ಇದ್ದಲ್ಲೇ ಇರುತ್ತವೆ. ಕಲ್ಪನೆ ಇಷ್ಟವಾದರೂ ಸಿವ್ 7ರ ಕಡಿತ ಇಷ್ಟವಾಗದವರು ಇದನ್ನು ಸೇಲ್‌ನಲ್ಲಿ ನೋಡಬಹುದು. ಆದರೆ ಪ್ರತಿ ಕಾಲಕ್ಕೂ ಎದುರಾಳಿಯ ಹೆಸರು, ಚಿಹ್ನೆ ಬದಲಾಗುವುದರಿಂದ ಯಾರು ಯಾರೆಂಬುದೇ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಹಾಗೂ ಕೀರ್ತಿಯ ಅಂಕಗಳ ಮೇಲೆ ಗೆಲುವು ನಿಂತಿರುವುದರಿಂದ ಕೊನೆ ಸಪ್ಪೆ. ಪೂರ್ಣ ಬೆಲೆಗೆ ನಾನು ಇದನ್ನು ಹೇಳುವುದಿಲ್ಲ.

ದುಡ್ಡು ಹಾಕಲು ಸಾಧ್ಯವೇ ಇಲ್ಲದವರಿಗೆ ಅನ್‌ಸಿವ್ ಇದೆ. ಅದು ಸಿವ್ 5ರ ನಿಯಮಗಳನ್ನು ಸರಳ ಚಿತ್ರಗಳಲ್ಲಿ ಮತ್ತೆ ಕಟ್ಟಿದ, ಮುಕ್ತ ತಂತ್ರಾಂಶವಾಗಿ ದೊರೆಯುವ ಆಟ. ಆಂಡ್ರಾಯ್ಡ್ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಓಡುತ್ತದೆ, ಹಣ ಕೇಳುವುದಿಲ್ಲ, ಜಾಹೀರಾತಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ದಿನವೂ ಓಡಾಡುವವರು ಒಂದು ದಾರಿಯಲ್ಲಿ ಹತ್ತಾರು ಸರದಿ ಆಡಿ, ಇಳಿಯುವಾಗ ಫೋನು ಜೇಬಿಗಿಟ್ಟುಕೊಳ್ಳಬಹುದು; ನೆಟ್‌ವರ್ಕ್ ಬೇಕಾಗುವುದಿಲ್ಲ. ನಾಯಕರ ಮುಖ, ವೈಭವ ಏನೂ ಇರುವುದಿಲ್ಲ, ಆಟದ ಅಸ್ಥಿಪಂಜರ ಮಾತ್ರ ಇರುತ್ತದೆ. ಆದರೆ ಆ ಅಸ್ಥಿಪಂಜರ ಗಟ್ಟಿಯಾಗಿದೆ. ಪರೀಕ್ಷೆಗೆ ಓದುವವರಿಗೆ ನಾನು ಇದನ್ನೇ ಹೇಳುತ್ತೇನೆ, ಏಕೆಂದರೆ ಹದಿನೈದು ನಿಮಿಷ ಆಡಿ ನಿಲ್ಲಿಸುವುದು ಇದರಲ್ಲಿ ಸುಲಭ. 1996ರಿಂದ ಬೆಳೆಯುತ್ತ ಬಂದ ಫ್ರೀಸಿವ್ ಕೂಡ ಉಚಿತವೇ, ಸಿವ್ 2ನ್ನು ಪ್ರೀತಿಸಿದವರಿಗೆ ಒಗ್ಗುತ್ತದೆ. ಹೊಸಬರಿಗೆ ಅದರ ನೋಟ ಒರಟೆನಿಸಬಹುದು.

ಅನ್‌ಸಿವ್ ಬಗ್ಗೆ ಇನ್ನೊಂದು ಮಾತು ಈ ಭಾಗದವರಿಗಾಗಿ. ಸಿವ್ 7ರಲ್ಲಿ ಚೋಳರಿದ್ದಾರೆ. ಅವರೊಂದಿಗೆ ತಲೆಮಾರುಗಟ್ಟಲೆ ಕಾದಾಡಿದ, ಅಣ್ಣಿಗೇರಿ, ಲಕ್ಕುಂಡಿಗಳಲ್ಲಿ ಗುಡಿ ಕಟ್ಟಿಸಿದ ಕಲ್ಯಾಣದ ಚಾಲುಕ್ಯರನ್ನು ಸರಣಿಯ ಯಾವ ಆವೃತ್ತಿಯೂ ಪ್ರತ್ಯೇಕ ನಾಗರಿಕತೆಯಾಗಿ ಕೊಟ್ಟಿಲ್ಲ. ಅನ್‌ಸಿವ್‌ನಲ್ಲಿ ಹೊಸ ರಾಜ್ಯ ಸೇರಿಸಬೇಕಾದರೆ ಒಂದು ಪಠ್ಯ ಕಡತದಲ್ಲಿ ಹೆಸರು, ಊರುಗಳ ಪಟ್ಟಿ, ಬಣ್ಣ, ವಿಶೇಷ ಗುಣಗಳನ್ನು ನಿಗದಿತ ಕ್ರಮದಲ್ಲಿ ಬರೆದರೆ ಸಾಕು. ಪ್ರೋಗ್ರಾಮಿಂಗ್ ತಿಳಿಯದಿದ್ದರೂ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ನೆರವಿನಿಂದ ಒಂದು ಸಂಜೆಯಲ್ಲಿ ಆಗುವ ಕೆಲಸ ಅದು.

ಏಳಕ್ಕಾಗಿ ಕಾಯುವವರು ನೋಡಬೇಕಾದದ್ದು

ಬೇಸರವಿದ್ದರೂ ಸರಣಿಯನ್ನು ಬಿಡಲು ಮನಸ್ಸಿಲ್ಲದೆ, ಏಳನೆಯದು ಸುಧಾರಿಸಿದ ಮೇಲೆ ಕೊಳ್ಳುತ್ತೇನೆ ಎನ್ನುವವರ ಬಗ್ಗೆ ನನಗೆ ಗೌರವವಿದೆ. ಐದು, ಆರು ಎರಡೂ ಸುಧಾರಿಸಲು ಮೂರು ವರ್ಷದಷ್ಟು ಸಮಯ ತೆಗೆದುಕೊಂಡವು ಎಂಬುದು ಅವರ ಪರವಾದ ವಾದ. ಅಂಥವರು ರಿಯಾಯಿತಿಯ ಶೇಕಡಾವಾರು ನೋಡಿ ಕೊಳ್ಳದೆ, ನಾಲ್ಕು ಸಂಗತಿಗಳನ್ನು ನೋಡಿ ಕೊಳ್ಳಲಿ. ಒಂದೇ ನಾಗರಿಕತೆಯನ್ನು ಕೊನೆಯವರೆಗೆ ಆಡುವ ಆಯ್ಕೆ ಆಟದಲ್ಲಿ ಪೂರ್ತಿಯಾಗಿ ಬಂದಿದೆಯೇ, ಬಂದಿದ್ದರೆ ಅದು ಮೂಲ ಆಟದಲ್ಲೇ ಇದೆಯೇ ಅಥವಾ ಬೇರೆ ಹಣಕ್ಕೆ ಇದೆಯೇ? ಯುಗ ಬದಲಾದಾಗ ನಡೆಯುತ್ತಿದ್ದ ಯುದ್ಧ ಏನಾಗುತ್ತದೆ? ಹಾಟ್‌ಸೀಟ್ ಬಂದಿದೆಯೇ? ಸ್ಟೀಮ್ ಪುಟದಲ್ಲಿ ಒಟ್ಟು ಅಭಿಪ್ರಾಯದ ಪಕ್ಕದಲ್ಲೇ ಇರುವ ಇತ್ತೀಚಿನ ಅಭಿಪ್ರಾಯ ಎಲ್ಲಿಗೆ ಬಂದಿದೆ? ಮೊದಲೆರಡಕ್ಕೆ ಒಳ್ಳೆಯ ಉತ್ತರ ಸಿಕ್ಕಿದರೆ, ಯಂತ್ರವೂ ತಕ್ಕದ್ದಿದ್ದರೆ, ಸಾದಾ ಆವೃತ್ತಿಯನ್ನಷ್ಟೇ ತೆಗೆದುಕೊಳ್ಳಿ. ಡಿಎಲ್‌ಸಿಗಳನ್ನು ಒಂದು ಆಟ ಪೂರ್ತಿ ಮುಗಿಸಿದ ಮೇಲೆ, ಬೇಕೆನಿಸಿದವನ್ನು ಮಾತ್ರ ಬಿಡಿಬಿಡಿಯಾಗಿ ಸೇರಿಸಿಕೊಂಡರೆ ಸಾಕು.